ಆಂಡೋವರ್ ಗೋದಾಮಿನ ಬೆಂಕಿ: ಓಣಿಯಿಲ್ಲದ ಗ್ರಿಡ್ಡಿನಲ್ಲಿ ಆದದ್ದೇನು?

2019ರ ಫೆಬ್ರುವರಿ 5, ಮಂಗಳವಾರ. ಬೆಳಗಿನ ಜಾವ 2.44ಕ್ಕೆ ಇಂಗ್ಲೆಂಡಿನ ಹ್ಯಾಂಪ್‌ಶೈರ್ ಅಗ್ನಿಶಾಮಕ ದಳಕ್ಕೆ ಒಂದು ಕರೆ ಹೋಯಿತು. ಆಂಡೋವರ್ ಪಟ್ಟಣದಲ್ಲಿದ್ದ ಒಕಾಡೊ ಕಂಪನಿಯ ಗೋದಾಮಿನಲ್ಲಿ ಬೆಂಕಿ ಹತ್ತಿಕೊಂಡಿತ್ತು. ಶುರುವಿನಲ್ಲಿ ಅದು ಒಂದು ಮೂಲೆಯ ಬೆಂಕಿ. ನಾಲ್ಕು ದಿನ ಉರಿದ ಮೇಲೆ ಆ ಗೋದಾಮು ಮತ್ತೆ ಬಳಸುವ ಸ್ಥಿತಿಯಲ್ಲಿ ಉಳಿಯಲಿಲ್ಲ. ಹೊಸದಾಗಿಯೇ ಕಟ್ಟಬೇಕಾಯಿತು.

ಒಕಾಡೊ ಆನ್‌ಲೈನಿನಲ್ಲಿ ದಿನಸಿ ಮಾರುವ ಬ್ರಿಟಿಷ್ ಕಂಪನಿ. ಅದಕ್ಕೆ ಆಂಡೋವರ್ ಬರೀ ಇನ್ನೊಂದು ಗೋದಾಮಾಗಿರಲಿಲ್ಲ. 2016ರ ಕೊನೆಗೆ ಶುರುವಾದ ಈ ಕಟ್ಟಡದಲ್ಲೇ ಕಂಪನಿ ತನ್ನ ರೋಬೋಟ್ ಗ್ರಿಡ್ಡನ್ನು, ಅಂದರೆ ಒತ್ತೊತ್ತಾಗಿ ಪೇರಿಸಿದ ಬಿನ್ನುಗಳ ಮೇಲೆ ರೋಬೋಟುಗಳು ಓಡಾಡುವ ವ್ಯವಸ್ಥೆಯನ್ನು, ಮೊದಲ ಸಲ ದೊಡ್ಡ ಮಟ್ಟದಲ್ಲಿ ಓಡಿಸಿದ್ದು. ಇದೇ ತಂತ್ರಜ್ಞಾನವನ್ನು ಅದು ಫ್ರಾನ್ಸಿನ ಕ್ಯಾಸಿನೊ, ಅಮೆರಿಕದ ಕ್ರೋಗರ್ ಥರದ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳಿಗೂ ಮಾರುತ್ತಿತ್ತು. ಅಂದರೆ ಬೆಂಕಿ ಬಿದ್ದದ್ದು ಅದರ ಮಾದರಿ ಗೋದಾಮಿಗೇ.

ಈ ಪ್ರಕರಣವನ್ನು ಬಿಡಿಸಿ ಬರೆಯುತ್ತಿರುವುದಕ್ಕೆ ಒಂದು ಕಾರಣ ಇದೆ. ಸಣ್ಣ ಸಾಮಾನಿನ ಗೋದಾಮಿನಲ್ಲಿ ಜಾಗ ಉಳಿಸುವ ಉಪಾಯಗಳಲ್ಲಿ ಗ್ರಿಡ್ಡಿಗೆ ಸಾಟಿ ಕಡಿಮೆ. ಅದು ಜಾಗ ಉಳಿಸುವುದು ಸರಕಿನ ಸಾಲುಗಳ ನಡುವಿನ ಓಣಿಗಳನ್ನು ತೆಗೆದುಹಾಕಿ. ಬೆಂಕಿ ಬಿದ್ದಾಗ ಮನುಷ್ಯರು, ಪೈಪು, ನೀರು ಎಲ್ಲ ಒಳಗೆ ಹೋಗುತ್ತಿದ್ದದ್ದು ಅದೇ ಓಣಿಗಳಿಂದ. ಲಾಭ ಕೊಟ್ಟ ಗುಣವೇ ತೊಂದರೆಯನ್ನೂ ಜೊತೆಗೆ ತರುತ್ತದೆ. ಈಗ ನಮ್ಮಲ್ಲೂ ಇಂಥ ವ್ಯವಸ್ಥೆಗಳ ಮಾತು ಜಾಸ್ತಿಯಾಗುತ್ತಿದೆ. ಜಾಗ ಮತ್ತು ವೇಗದ ಲೆಕ್ಕವನ್ನು ಎಲ್ಲರೂ ಕೇಳುತ್ತಾರೆ. ಬೆಂಕಿಯ ಲೆಕ್ಕವನ್ನೂ ಅದೇ ಮೇಜಿನ ಮೇಲೆ, ಅದೇ ದಿನ ಕೇಳಬೇಕು ಅನ್ನುವುದು ನನ್ನ ವಾದ.

ಇಷ್ಟು ಒತ್ತಾಗಿ ಯಾಕೆ ಪೇರಿಸುತ್ತಾರೆ?

ಸಣ್ಣ ಸಾಮಾನು ತುಂಬಿದ ಗೋದಾಮಿನಲ್ಲಿ ಇಡುವುದು ಸುಲಭ. ಕಷ್ಟ ಇರುವುದು ಪಿಕಿಂಗಿನಲ್ಲಿ, ಅಂದರೆ ಬೇಕಾದ್ದನ್ನು ಹುಡುಕಿ ತೆಗೆಯುವುದರಲ್ಲಿ. ಒಂದು ಮನೆಯ ದಿನಸಿ ಪಟ್ಟಿಯಲ್ಲಿ ಐವತ್ತು ಬಗೆಯ ಸಾಮಾನು ಇರಬಹುದು. ಒಂದು ಸೋಪು, ಎರಡು ಪ್ಯಾಕೆಟ್ ಬಿಸ್ಕತ್ತು, ಒಂದು ಬಾಟಲಿ ಎಣ್ಣೆ. ಪ್ರತಿಯೊಂದೂ ಬೇರೆ ಬೇರೆ ಕಡೆ ಇರುತ್ತದೆ. ರ‍್ಯಾಕುಗಳ ನಡುವೆ ಟ್ರಾಲಿ ತಳ್ಳಿಕೊಂಡು ಹೋಗುವ ಕೆಲಸಗಾರರ ಸುಮಾರು ಅರ್ಧ ಹೊತ್ತು ಬರೀ ನಡೆಯುವುದರಲ್ಲೇ ಹೋಗುತ್ತದೆ ಅನ್ನುವುದು ಈ ಕ್ಷೇತ್ರದ ಹಳೆಯ ಲೆಕ್ಕ.

ಹಾಗಾಗಿ ಮನುಷ್ಯರು ಸಾಮಾನಿನ ಹತ್ತಿರ ಹೋಗುವ ಬದಲು ಸಾಮಾನೇ ಮನುಷ್ಯರ ಹತ್ತಿರ ಬರಲಿ ಅಂತ ಬೇರೆ ಬೇರೆ ದಾರಿ ಹುಡುಕಿದರು. ಬೀರುವಿನ ಎತ್ತರಕ್ಕೂ ಟ್ರೇಗಳನ್ನು ಏರಿಸಿ ಇಳಿಸುವ ಲಿಫ್ಟ್ ಯಂತ್ರ ಬಂತು. ಓಣಿಯಲ್ಲಿ ಓಡುವ ಕ್ರೇನ್ ಬಂತು, ರ‍್ಯಾಕಿನ ಪ್ರತಿ ಹಂತದಲ್ಲೂ ಓಡುವ ಷಟಲ್ ಬಂತು. ಕೀವಾ ಕಂಪನಿಯ ರೋಬೋಟುಗಳು ಇಡೀ ಶೆಲ್ಫನ್ನೇ ಎತ್ತಿಕೊಂಡು ಬರುತ್ತಿದ್ದವು. 2012ರಲ್ಲಿ ಅಮೆಜಾನ್ ಅದನ್ನು 77.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಇವೆಲ್ಲದರಲ್ಲೂ ಯಂತ್ರ ಓಡಾಡುವುದಕ್ಕೆ ಒಂದಿಷ್ಟು ಜಾಗ ಬಿಡಲೇಬೇಕು.

ಆ ಜಾಗವನ್ನೂ ಉಳಿಸಿದ್ದು ಗ್ರಿಡ್. ಇದರ ಹಳೆಯ ರೂಪ ನಾರ್ವೆಯದು. ಎಲೆಕ್ಟ್ರಾನಿಕ್ ಬಿಡಿಭಾಗ ಮಾರುತ್ತಿದ್ದ ಹಾಟೆಲಾಂಡ್ ಎಂಬ ಕಂಪನಿಯಲ್ಲಿ ಇಂಗ್ವಾರ್ ಹಾಗ್ನಲಾಂಡ್ 1990ರ ದಶಕದಲ್ಲಿ ಈ ಯೋಚನೆ ಮಾಡಿದರು. ಅದೇ ಮುಂದೆ ಆಟೋಸ್ಟೋರ್ ಆಯಿತು. ಒಕಾಡೊ ತನ್ನದೇ ಗ್ರಿಡ್ ಮಾಡಿಕೊಂಡಿತು. ಪೇಟೆಂಟ್ ಯಾರದ್ದು ಅಂತ ಎರಡೂ ಕಂಪನಿಗಳು 2020ರಿಂದ ಕೋರ್ಟಿನಲ್ಲಿ ಕಾದಾಡಿದವು. 2023ರ ಜುಲೈಯಲ್ಲಿ ರಾಜಿಯಾಗಿ, ಆಟೋಸ್ಟೋರ್ 20 ಕೋಟಿ ಪೌಂಡ್ ಕೊಡಲು ಒಪ್ಪಿತು.

ಒಕಾಡೊ 2000ದಲ್ಲಿ ಹುಟ್ಟಿದ ಕಂಪನಿ. 2002ರಲ್ಲಿ ಹ್ಯಾಟ್‌ಫೀಲ್ಡಿನಲ್ಲಿ ಶುರುವಾದ ಅದರ ಮೊದಲ ದೊಡ್ಡ ಗೋದಾಮಿನಲ್ಲಿ ಕೆಲಸ ನಡೆಯುತ್ತಿದ್ದದ್ದು ಉದ್ದುದ್ದ ಕನ್ವೇಯರುಗಳ ಮೇಲೆ. ಗಿರಾಕಿಯ ಕ್ರೇಟು ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಸಾಗುತ್ತಿತ್ತು, ಅಲ್ಲಲ್ಲಿ ನಿಂತ ಕೆಲಸಗಾರರು ಸಾಮಾನು ಹಾಕುತ್ತಿದ್ದರು. ಕನ್ವೇಯರಿಗೆ ಒಂದು ದೊಡ್ಡ ಕಷ್ಟ ಇದೆ. ಒಂದು ಕಡೆ ಸಿಕ್ಕಿಕೊಂಡರೆ ಹಿಂದಿನದ್ದೆಲ್ಲ ನಿಲ್ಲುತ್ತದೆ. ಗ್ರಿಡ್ಡಿನಲ್ಲಿ ಒಂದು ರೋಬೋಟ್ ಕೆಟ್ಟರೆ ಉಳಿದವು ಅದನ್ನು ಬಿಟ್ಟು ಪಕ್ಕದಿಂದ ಸುತ್ತಿಕೊಂಡು ಹೋಗುತ್ತವೆ. ಆಂಡೋವರಿನಲ್ಲಿ ಗ್ರಿಡ್ ಹಾಕಿದ್ದರ ಹಿಂದೆ ಈ ಲೆಕ್ಕವೂ ಇತ್ತು.

ಗ್ರಿಡ್ ಒಳಗೆ ನಡೆಯುವುದೇನು?

ಉಕ್ಕು, ಅಲ್ಯೂಮಿನಿಯಂ ಥರದ ಲೋಹದ ಕಂಬಗಳನ್ನು ಚೌಕ ಚೌಕವಾಗಿ ನಿಲ್ಲಿಸುತ್ತಾರೆ. ಪ್ರತಿ ಚೌಕದೊಳಗೆ ಪ್ಲಾಸ್ಟಿಕ್ ಬಿನ್ನುಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ಆಂಡೋವರಿನಲ್ಲಿ 17 ಬಿನ್ನುಗಳಷ್ಟು ಆಳಕ್ಕೆ ಪೇರಿಸುತ್ತಿದ್ದರು. ಪಕ್ಕದ ಸಾಲಿಗೂ ಈ ಸಾಲಿಗೂ ನಡುವೆ ಕಂಬದ ದಪ್ಪ ಬಿಟ್ಟರೆ ಮತ್ತೇನೂ ಇಲ್ಲ. ಕಂಬಗಳ ತಲೆಯ ಮೇಲೆ ಹಳಿ. ಹಳಿಯ ಮೇಲೆ ರೋಬೋಟುಗಳು.

ಒಂದೊಂದು ರೋಬೋಟಿಗೂ ಎರಡು ಜೊತೆ ಚಕ್ರಗಳ ಸೆಟ್. ಒಂದು ಸೆಟ್ ಉದ್ದಕ್ಕೆ ಓಡಿಸುತ್ತದೆ, ಇನ್ನೊಂದು ಅಡ್ಡಕ್ಕೆ. ಬೇಕಾದ ಚೌಕದ ಮೇಲೆ ಬಂದು ನಿಂತು, ಹಿಡಿಕೆಯನ್ನು ಪಟ್ಟಿಗಳಲ್ಲಿ ಕೆಳಗೆ ಬಿಟ್ಟು, ಬಿನ್ನನ್ನು ಎತ್ತಿ ತನ್ನ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಪಿಕಿಂಗ್ ಕಟ್ಟೆಯ ಮೇಲಿನ ಕಿಂಡಿಗೆ ಹೋಗಿ ಇಳಿಸುತ್ತದೆ. ಅಲ್ಲಿ ಕೂತ ಅಥವಾ ನಿಂತ ಒಬ್ಬರು ಬೇಕಾದ ಸಾಮಾನು ತೆಗೆದು ಗಿರಾಕಿಯ ಚೀಲಕ್ಕೆ ಹಾಕುತ್ತಾರೆ.

ಬೇಕಾದ ಬಿನ್ ಐದನೇ ಆಳದಲ್ಲಿದ್ದರೆ? ಮೇಲಿನ ನಾಲ್ಕನ್ನು ಬೇರೆ ರೋಬೋಟುಗಳು ಎತ್ತಿ ಅಕ್ಕಪಕ್ಕದ ಸಾಲುಗಳ ಮೇಲೆ ಇಡುತ್ತವೆ. ಕೇಳಿದವರಿಗೆ ಇದು ವ್ಯರ್ಥ ಕೆಲಸ ಅನ್ನಿಸಬಹುದು. ಆದರೆ ಇದರಲ್ಲೊಂದು ಸೊಗಸು ಇದೆ. ದಿನವೂ ಕೇಳುವ ಸಾಮಾನು ತೆಗೆದು ಇಟ್ಟು, ತೆಗೆದು ಇಟ್ಟು ಮೇಲೇ ಉಳಿಯುತ್ತದೆ. ಯಾರೂ ಕೇಳದ್ದು ತಾನಾಗಿ ತಳಕ್ಕೆ ಇಳಿಯುತ್ತದೆ. ಯಾವ ಮ್ಯಾನೇಜರೂ ಕೂತು ಜಾಗ ಹಂಚಬೇಕಿಲ್ಲ. ಒಂದು ಬಿನ್ನಿಗೆ ಖಾಯಂ ಜಾಗ ಅಂತಲೂ ಇಲ್ಲ. ಯಾವ ಬಿನ್ ಎಲ್ಲಿದೆ ಅನ್ನುವುದು ಕಂಪ್ಯೂಟರಿಗೆ ಮಾತ್ರ ಗೊತ್ತು.

ಆಂಡೋವರಿನ ಅಂಕಿಗಳು ನಿಜಕ್ಕೂ ಬೆರಗು ಹುಟ್ಟಿಸುವಂಥವು. ಪೂರ್ತಿ ಓಡಿದಾಗ ಸುಮಾರು 1,100 ರೋಬೋಟುಗಳು. ವೇಗ ಸೆಕೆಂಡಿಗೆ 4 ಮೀಟರ್. ಒಂದನ್ನೊಂದು ದಾಟುವಾಗ ನಡುವೆ ಬರೀ 5 ಮಿಲಿಮೀಟರ್ ಅಂತರ. ಅವು ಒಂದರ ಜೊತೆ ಒಂದು ಮಾತಾಡಿಕೊಳ್ಳುವುದಿಲ್ಲ. ಒಂದು ಕೇಂದ್ರ ವ್ಯವಸ್ಥೆ ಪ್ರತಿ ರೋಬೋಟಿನ ಜೊತೆ ಸೆಕೆಂಡಿಗೆ ಹತ್ತು ಸಲ ಸಂಪರ್ಕ ಇಟ್ಟುಕೊಂಡು ಎಲ್ಲದರ ದಾರಿ ನಿರ್ಧರಿಸುತ್ತದೆ. ಇದಕ್ಕೆ 4ಜಿ ಮೊಬೈಲ್ ತಂತ್ರಜ್ಞಾನವನ್ನು ಆಧರಿಸಿದ ರೇಡಿಯೋ ಜಾಲವನ್ನು ಕೇಂಬ್ರಿಡ್ಜ್ ಕನ್ಸಲ್ಟೆಂಟ್ಸ್ ಎಂಬ ಸಂಸ್ಥೆ ಮಾಡಿಕೊಟ್ಟಿತ್ತು. ಐವತ್ತು ಸಾಮಾನಿನ ಒಂದು ಆರ್ಡರನ್ನು ಐದು ನಿಮಿಷದಲ್ಲಿ ಮುಗಿಸಬಹುದಿತ್ತು. ವಾರಕ್ಕೆ 65,000 ಆರ್ಡರ್ ಈ ಕಟ್ಟಡದ ಗುರಿ. ಬೆಂಕಿ ಬಿದ್ದ ಹೊತ್ತಿಗೆ 30,000ದ ಆಸುಪಾಸು ಬಂದು ನಿಂತಿತ್ತು.

ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ರೋಬೋಟ್ ಗ್ರಿಡ್ಡಿನ ಅಂಚಿಗೆ ಹೋಗಿ ಚಾರ್ಜಿಂಗ್ ಪಾಯಿಂಟಿಗೆ ತಾಗಿ ನಿಲ್ಲುತ್ತದೆ. ಬೆಂಕಿ ಹುಟ್ಟಿದ್ದು ಅಲ್ಲೇ.

ಆ ರಾತ್ರಿ

ತನಿಖೆಯಲ್ಲಿ ಗೊತ್ತಾದದ್ದು ಇಷ್ಟು. ಒಂದು ಬ್ಯಾಟರಿ ಚಾರ್ಜಿಂಗ್ ಯೂನಿಟ್ಟಿನಲ್ಲಿ ವಿದ್ಯುತ್ ದೋಷ ಆಯಿತು. ಆ ಬಿಸಿಗೆ ಒಂದು ರೋಬೋಟಿನ ಮೇಲಿದ್ದ ಪ್ಲಾಸ್ಟಿಕ್ ಮುಚ್ಚಳ ಹತ್ತಿಕೊಂಡಿತು. ಮುಚ್ಚಳದಿಂದ ಬೆಂಕಿ ಕೆಳಗಿನ ಬಿನ್ನುಗಳಿಗೆ ದಾರಿ ಮಾಡಿಕೊಂಡಿತು.

ನೋಡಿ, ಇದರಲ್ಲಿ ರೋಬೋಟಿನ ಬುದ್ಧಿಯಾಗಲಿ, ಸಾಫ್ಟ್‌ವೇರ್ ಆಗಲಿ ಸೋತದ್ದಲ್ಲ. ಸಾವಿರ ರೋಬೋಟುಗಳನ್ನು 5 ಮಿಲಿಮೀಟರ್ ಅಂತರದಲ್ಲಿ ಓಡಿಸುವ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಎಡವಿದ್ದು ಒಂದು ಚಾರ್ಜರ್ ಮತ್ತು ಒಂದು ಮುಚ್ಚಳ. ಇಂಥ ಯೋಜನೆಗಳಲ್ಲಿ ಎಲ್ಲರ ಗಮನವೂ ವೇಗದ ಮೇಲೆ, ದಾರಿ ನಿರ್ಧಾರದ ಮೇಲೆ ಇರುತ್ತದೆ. ಮುಚ್ಚಳ ಯಾವ ಪ್ಲಾಸ್ಟಿಕ್ಕಿನದು ಅನ್ನುವುದು ಯಾರ ಪಟ್ಟಿಯಲ್ಲಿ ಬರುತ್ತದೆ? ಬರಲೇಬೇಕು. ಗ್ರಿಡ್ ಮೇಲೆ ಚಾರ್ಜ್ ಆಗುವ ಪ್ರತಿ ಯಂತ್ರದ ಕೆಳಗೂ ಪ್ಲಾಸ್ಟಿಕ್ ಬಿನ್ನುಗಳ ಒಂದು ಕಂಬವೇ ಇರುತ್ತದೆ.

ಆಮೇಲೆ ಆದದ್ದು ಇನ್ನೂ ಮುಖ್ಯ. ಹ್ಯಾಂಪ್‌ಶೈರ್ ಅಗ್ನಿಶಾಮಕ ಸೇವೆಯ ವರದಿ ಮೂರು ಸಂಗತಿ ಹೇಳಿತು. ಬೆಂಕಿ ಪತ್ತೆ ಮಾಡಬೇಕಿದ್ದ ವ್ಯವಸ್ಥೆ ಅದನ್ನು ಗುರುತಿಸಲಿಲ್ಲ, ಸಿಬ್ಬಂದಿಯೇ ನೋಡಿದರು. ನೋಡಿದ ಮೇಲೆ ಅಗ್ನಿಶಾಮಕ ದಳಕ್ಕೆ ಕರೆ ಹೋಗಲು ಸುಮಾರು ಒಂದು ಗಂಟೆ ಹಿಡಿಯಿತು, ಆ ಹೊತ್ತಿನಲ್ಲಿ ಸಿಬ್ಬಂದಿ ತಾವೇ ಆರಿಸಲು ನೋಡಿದರು. ಜೊತೆಗೆ ಬೆಂಕಿ ಬಿದ್ದಾಗ ಚಾವಣಿಯಿಂದ ನೀರು ಸುರಿಸುವ ಸ್ಪ್ರಿಂಕ್ಲರನ್ನು ನಿಲ್ಲಿಸಲಾಗಿತ್ತು.

ಈ ಮೂರನ್ನೂ ಓದಿ ಅಲ್ಲಿದ್ದ ಕೆಲಸಗಾರರನ್ನು ಬೈಯುವುದು ಸುಲಭ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ರಾತ್ರಿ ಪಾಳಿಯಲ್ಲಿರುವವರ ಮುಂದೆ ಒಂದು ಸಣ್ಣ ಹೊಗೆ ಕಾಣುತ್ತದೆ. ಅಲಾರಂ ಹೊಡೆದಿಲ್ಲ. ಕಟ್ಟಡ ಕೋಟಿಗಟ್ಟಲೆ ಬೆಲೆಯದು. ನೀರು ಬಿದ್ದರೆ ಸರಕು, ವಿದ್ಯುತ್ ಸಾಧನ ಎಲ್ಲ ಹಾಳು. ನಾವೇ ಆರಿಸಿಬಿಡೋಣ ಅನ್ನಿಸುವುದು ಸಹಜ. ಈ ಸಹಜ ಯೋಚನೆಯನ್ನು ತಡೆಯುವ ನಿಯಮ ಮೊದಲೇ ಬರೆದಿಟ್ಟು, ಅಭ್ಯಾಸ ಮಾಡಿಸಿರಬೇಕು. ಸ್ಪ್ರಿಂಕ್ಲರ್ ವಿಷಯದಲ್ಲಿ ಬಲ್ಲವರು ಹೇಳುವ ನಿಯಮ ಒಂದೇ: ಬೆಂಕಿ ಪೂರ್ತಿ ಆರಿದೆ ಅಂತ ಅಗ್ನಿಶಾಮಕ ಅಧಿಕಾರಿ ಹೇಳುವ ತನಕ ವಾಲ್ವ್ ಮುಟ್ಟಬಾರದು.

ಸ್ಪ್ರಿಂಕ್ಲರ್ ಬಗ್ಗೆ ಇರುವ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ಹೇಳಬೇಕು. ಸಿನಿಮಾದಲ್ಲಿ ಒಂದು ಬೆಂಕಿಕಡ್ಡಿ ಹಿಡಿದರೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುತ್ತದೆ. ನಿಜವಾದ ಸಾಮಾನ್ಯ ಸ್ಪ್ರಿಂಕ್ಲರ್ ಹಾಗಲ್ಲ. ಪ್ರತಿ ಬಾಯಿಗೂ ಒಂದು ಸಣ್ಣ ಗಾಜಿನ ಗುಳಿಗೆ ಇರುತ್ತದೆ. ಕೆಂಪು ಗುಳಿಗೆಯಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುತ್ತದೆ. ಯಾವುದು ಬಿಸಿಯಾಯಿತೋ ಅದೊಂದೇ ತೆರೆದುಕೊಳ್ಳುತ್ತದೆ. ಹಾಗಾಗಿ ಶುರುವಿನಲ್ಲಿ ನೀರು ಬೀಳುವುದು ಬೆಂಕಿಯ ನೆತ್ತಿಯ ಮೇಲೆ ಮಾತ್ರ. ಅದನ್ನು ನಿಲ್ಲಿಸಿದರೆ ಬೆಂಕಿ ಬೆಳೆಯುತ್ತದೆ. ಆಮೇಲೆ ಮತ್ತೆ ತೆರೆದರೂ ಹೊತ್ತು ಮೀರಿರುತ್ತದೆ, ಯಾಕೆಂದರೆ ಒಮ್ಮೆಗೇ ತುಂಬಾ ಬಾಯಿಗಳು ತೆರೆದು ಎಲ್ಲದರ ಒತ್ತಡವೂ ಕುಗ್ಗುತ್ತದೆ.

ನೀರು ಯಾಕೆ ತಲುಪಲಿಲ್ಲ?

ಮೊದಲ ದಿನ ಬೆಂಕಿ ಒಂದು ಮೂಲೆಗೆ ಸೀಮಿತವಾಗಿದೆ ಅನ್ನುವ ಭರವಸೆ ಇತ್ತು. ಆದರೆ ಅದು ಮತ್ತೆ ಬೆಳೆದು ಹಬ್ಬಿತು. ಚಾವಣಿಯ ಒಂದು ಭಾಗ ಕುಸಿಯಿತು. ನೂರಾರು ಅಗ್ನಿಶಾಮಕ ಸಿಬ್ಬಂದಿ ಪಾಳಿ ಬದಲಿಸುತ್ತಾ ಹೋರಾಡಿದರು. ಶೀತಲೀಕರಣಕ್ಕೆ ಬಳಸುವ ಅಮೋನಿಯಾ ಕಟ್ಟಡದಲ್ಲಿತ್ತು. ಅದು ಸಿಡಿದೀತು ಅನ್ನುವ ಭಯದಿಂದ 500 ಮೀಟರ್ ಒಳಗಿನ ಜನರನ್ನು ಮನೆಯಿಂದ ಕಳಿಸಬೇಕಾಯಿತು. ಕೆಲವು ಅಗ್ನಿಶಾಮಕರಿಗೆ ಹೊಗೆಯಿಂದ ತೊಂದರೆಯಾಯಿತು. ಯಾರೂ ಸಾಯಲಿಲ್ಲ ಅನ್ನುವುದು ದೊಡ್ಡ ಸಮಾಧಾನ.

ಇಷ್ಟು ಜನ ಇದ್ದೂ ಇಷ್ಟು ದಿನ ಯಾಕೆ? ಉತ್ತರ ಗ್ರಿಡ್ಡಿನ ರಚನೆಯಲ್ಲೇ ಇದೆ.

ರ‍್ಯಾಕ್ ಇರುವ ಗೋದಾಮಿನಲ್ಲಿ ಬೆಂಕಿ ಬಿದ್ದರೆ ಓಣಿಯಿಂದ ಪಕ್ಕಕ್ಕೆ ಹೋಗಿ ನೀರು ಹೊಡೆಯಬಹುದು. ಉರಿಯುವ ಸರಕನ್ನು ಎಳೆದು ಹೊರಗೆ ಹಾಕಬಹುದು. ರ‍್ಯಾಕಿನ ನಡುವೆಯೇ ಸ್ಪ್ರಿಂಕ್ಲರ್ ಪೈಪು ಹಾಯಿಸಬಹುದು. ಗ್ರಿಡ್ಡಿನ ಒಳಗೆ ಇವು ಯಾವುದೂ ಆಗುವುದಿಲ್ಲ. ಬಿನ್ ಏರಿಳಿಯುವ ದಾರಿಯಲ್ಲಿ ಪೈಪು ಹಾಕಲು ಜಾಗ ಇಲ್ಲ. ಹಾಗಾಗಿ ನೀರು ಬರಬೇಕಾದ್ದು ಚಾವಣಿಯಿಂದ ಮಾತ್ರ.

ಚಾವಣಿಯಿಂದ ಬಿದ್ದ ನೀರಿಗೆ ಮೊದಲು ಸಿಗುವುದು ರೋಬೋಟುಗಳು ಮತ್ತು ಹಳಿ. ಅದನ್ನು ದಾಟಿದರೆ ಮೇಲಿನ ಬಿನ್. ಬಿನ್ನುಗಳಿಗೆ ಮುಚ್ಚಳ ಇರುವುದಿಲ್ಲ, ಬದಿಗಳು ಗಟ್ಟಿ. ಮಳೆಗೆ ಇಟ್ಟ ಬಕೆಟ್ಟಿನಂತೆ ಅವು ನೀರು ತುಂಬಿಕೊಂಡು ಕೂರುತ್ತವೆ. ಕೆಳಗಿನದಕ್ಕೆ ಹನಿಯೂ ಇಳಿಯುವುದಿಲ್ಲ. ಉಳಿದ ನೀರು ಕಂಬದ ಪಕ್ಕದ ಸಣ್ಣ ಸಂದಿಗಳಲ್ಲಿ ಇಳಿಯಬೇಕು. ಅದೇ ಸಂದಿಗಳಲ್ಲಿ ಬಿಸಿ ಗಾಳಿ ಮೇಲಕ್ಕೆ ಏರುತ್ತಿರುತ್ತದೆ. ಎತ್ತರ ಜಾಸ್ತಿಯಾದಷ್ಟೂ ಇದು ಕಷ್ಟ. ಇತ್ತ ಬಿನ್ನುಗಳ ಪ್ಲಾಸ್ಟಿಕ್ ಕರಗಿ ತಳಕ್ಕೆ ಸೋರಿ, ಅಲ್ಲಿ ಹೊಸ ಬೆಂಕಿ ಮಾಡುತ್ತದೆ. ಮೇಲಿನಿಂದ ಆರಿದಂತೆ ಕಂಡರೂ ನಡುವಿನಲ್ಲಿ ಉರಿಯುತ್ತಿರಬಹುದು. ಹೊರಗಿನ ಸಾಲುಗಳು ನಡುವಿನ ಸಾಲುಗಳನ್ನು ಮರೆಮಾಡಿರುತ್ತವೆ.

ಒಳಗೆ ಮನುಷ್ಯರನ್ನು ಕಳಿಸಲೂ ಆಗುವುದಿಲ್ಲ. ಗ್ರಿಡ್ಡಿನ ತಳದಲ್ಲಿ ಬಗ್ಗಿ ಹೋಗಲೂ ಜಾಗ ಇಲ್ಲ. ಮೇಲೆ ಹತ್ತಿದರೆ ಕಾಲ ಕೆಳಗೆ ಉರಿಯುವ ಕಂಬಗಳು, ಅವು ಎಷ್ಟು ಹೊತ್ತು ನಿಲ್ಲುತ್ತವೆ ಹೇಳಲು ಬರುವುದಿಲ್ಲ. ಚಾವಣಿಯೇ ಕುಸಿಯುತ್ತಿರುವಾಗ ಯಾವ ಅಧಿಕಾರಿಯೂ ತನ್ನ ಜನರನ್ನು ಅಲ್ಲಿಗೆ ಕಳಿಸಬಾರದು, ಕಳಿಸುವುದೂ ಇಲ್ಲ. ಹೊರಗಿನಿಂದ ನೀರು ಹೊಡೆಯುತ್ತಾ ಕಾಯಬೇಕು.

ಹೊಗೆ ಪತ್ತೆಯಾಗದ ವಿಷಯವೂ ಇಂಥ ಕಟ್ಟಡಗಳಲ್ಲಿ ಹೊಸದಲ್ಲ. ಎತ್ತರದ ಚಾವಣಿ ಇರುವ ಕಡೆ ಸಣ್ಣ ಬೆಂಕಿಯ ಹೊಗೆ ಮೇಲಿನ ತನಕ ಏರುವುದೇ ಇಲ್ಲ. ಚಾವಣಿಯ ಕೆಳಗಿನ ಬೆಚ್ಚಗಿನ ಗಾಳಿಯ ಪದರ ಅದನ್ನು ನಡುವಿನಲ್ಲೇ ತಡೆಯುತ್ತದೆ. ಚಾವಣಿಯಲ್ಲಿ ಮಾತ್ರ ಡಿಟೆಕ್ಟರ್ ಇಟ್ಟರೆ ಅದು ಎಚ್ಚರವಾಗುವಷ್ಟರಲ್ಲಿ ಬೆಂಕಿ ದೊಡ್ಡದಾಗಿರುತ್ತದೆ. ಅದಕ್ಕೇ ಪೈಪಿನಲ್ಲಿ ಗಾಳಿ ಹೀರಿ ಪರೀಕ್ಷಿಸುವ ವ್ಯವಸ್ಥೆ, ಚಾರ್ಜರ್ ಪಕ್ಕದಲ್ಲೇ ಶಾಖ ಅಳೆಯುವ ಸೆನ್ಸರ್, ಇವು ಬೇಕು ಅನ್ನುವುದು.

ಹಣ ಮತ್ತು ಆರ್ಡರು

ಆಂಡೋವರ್ ಆಗ ಒಕಾಡೊದ ಒಟ್ಟು ಸಾಮರ್ಥ್ಯದ ಸುಮಾರು ಶೇ. 10. ಒಂದೇ ವಾರದಲ್ಲಿ ಅದು ಇಲ್ಲವಾಯಿತು. ಹ್ಯಾಟ್‌ಫೀಲ್ಡ್, ಡಾರ್ಡನ್, ಆಗಷ್ಟೇ ಶುರುವಾಗಿದ್ದ ಎರಿತ್ ಗೋದಾಮುಗಳು ಇದ್ದದ್ದರಿಂದ ಕಂಪನಿ ಬದುಕಿತು. ಬೆಳವಣಿಗೆ ಮಾತ್ರ ಕುಂಠಿತವಾಯಿತು. 2019ರ ಮೊದಲ ಅರ್ಧ ವರ್ಷದಲ್ಲಿ ತೆರಿಗೆಗೆ ಮುಂಚಿನ ನಷ್ಟ 14 ಕೋಟಿ ಪೌಂಡ್ ದಾಟಿತು, ಅದರ ದೊಡ್ಡ ಪಾಲು ಬೆಂಕಿಯ ಲೆಕ್ಕ. ಅಚ್ಚರಿ ಅಂದರೆ, ಬೆಂಕಿಯಾದ ಮೂರೇ ವಾರಕ್ಕೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಒಕಾಡೊದ ಬ್ರಿಟನ್ ಚಿಲ್ಲರೆ ವ್ಯಾಪಾರದ ಅರ್ಧ ಪಾಲನ್ನು 75 ಕೋಟಿ ಪೌಂಡಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಹೂಡಿಕೆದಾರರು ತಂತ್ರಜ್ಞಾನದ ಮೇಲೆ ನಂಬಿಕೆ ಕಳೆದುಕೊಳ್ಳಲಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಏನೇನು ಬದಲಾಯಿತು?

ಕಂಪನಿ ಮೊದಲು ಮಾಡಿದ್ದು ಆ ಪ್ಲಾಸ್ಟಿಕ್ ಮುಚ್ಚಳ ತೆಗೆದದ್ದು. ಚಾರ್ಜಿಂಗ್ ಪಾಯಿಂಟುಗಳಿಗೆ ಶಾಖದ ಸೆನ್ಸರ್ ಹಾಕುವುದು, ಹೊಗೆ ಪತ್ತೆಯನ್ನು ಹತ್ತಿರಕ್ಕೆ ತರುವುದು, ಸ್ಪ್ರಿಂಕ್ಲರ್ ಹೆಚ್ಚಿಸುವುದು, ಹೀಗೆ ಬದಲಾವಣೆಗಳನ್ನು ಮುಖ್ಯಸ್ಥ ಟಿಮ್ ಸ್ಟೈನರ್ ಅವರ ತಂಡ ಘೋಷಿಸಿತು. ಆಂಡೋವರನ್ನು ಮತ್ತೆ ಕಟ್ಟಿ 2021ರಲ್ಲಿ ತೆರೆದರು.

ಅದೇ ವರ್ಷ ಇನ್ನೊಂದು ಪರೀಕ್ಷೆ ಬಂತು. 2021ರ ಜುಲೈ 16ರಂದು ಲಂಡನ್ನಿನ ಎರಿತ್ ಗೋದಾಮಿನಲ್ಲಿ ಮೂರು ರೋಬೋಟುಗಳು ಗ್ರಿಡ್ ಮೇಲೆ ಡಿಕ್ಕಿ ಹೊಡೆದು ಬೆಂಕಿ ಬಿತ್ತು. ಇದು ಆಂಡೋವರಿಗಿಂತ ತುಂಬಾ ದೊಡ್ಡ ಗೋದಾಮು. ಸುಮಾರು 800 ಜನರನ್ನು ಹೊರಗೆ ಕಳಿಸಿದರು. ನೂರರಷ್ಟು ಅಗ್ನಿಶಾಮಕರು ಬಂದರು. ಸಾವಿರಾರು ಆರ್ಡರ್ ರದ್ದಾದವು. ಆದರೆ ಹಾನಿ ಗ್ರಿಡ್ಡಿನ ಒಂದು ಸಣ್ಣ ಭಾಗಕ್ಕೆ ಮುಗಿಯಿತು. ಶೇ. 1ಕ್ಕಿಂತ ಕಡಿಮೆ ಅಂತ ಕಂಪನಿ ಹೇಳಿತು. ಕೆಲಸ ಬೇಗನೇ ಮತ್ತೆ ಶುರುವಾಯಿತು.

ಎರಡು ಬೆಂಕಿಗಳೂ ಒಂದೇ ಥರದವಲ್ಲ, ಆದ್ದರಿಂದ ಹೋಲಿಕೆಯನ್ನು ಜಾಸ್ತಿ ಎಳೆಯಬಾರದು. ಆದರೂ ನನ್ನ ಮಟ್ಟಿಗೆ ಎರಿತ್ ಒಂದು ಮಾತು ಖಚಿತಪಡಿಸುತ್ತದೆ. ಬೆಂಕಿ ಬೀಳುವುದೇ ಇಲ್ಲ ಅಂತ ಯಾರೂ ಮಾತು ಕೊಡಲಾರರು. ವಿದ್ಯುತ್, ಬ್ಯಾಟರಿ, ವೇಗ, ಪ್ಲಾಸ್ಟಿಕ್ ನಾಲ್ಕೂ ಇರುವ ಕಡೆ ಒಂದು ದಿನ ಬೀಳಬಹುದು. ಬೇಗ ಕಂಡರೆ, ಜನ ಬೇಗ ಹೊರಬಂದರೆ, ಕರೆ ಬೇಗ ಹೋದರೆ ಅದು ಒಂದು ಮೂಲೆಯಲ್ಲೇ ಮುಗಿಯಬಹುದು.

ವಿಮೆ ಕಂಪನಿಗಳೂ ಸುಮ್ನೆ ಕೂರಲಿಲ್ಲ. ಸ್ವಯಂಚಾಲಿತ ಸಂಗ್ರಹ ವ್ಯವಸ್ಥೆಗಳ ರಕ್ಷಣೆಗೆ ಎಫ್‌ಎಂ ಗ್ಲೋಬಲ್ (ಈಗ ಎಫ್‌ಎಂ) ಎಂಬ ವಿಮೆ ಸಂಸ್ಥೆಯ 8-34 ಎಂಬ ಪ್ರತ್ಯೇಕ ಮಾರ್ಗಸೂಚಿಯೇ ಇದೆ. ಅದರಲ್ಲಿ ಮುಖ್ಯವಾಗುವುದು ಬಿನ್ನಿನ ಸ್ವಭಾವ: ಪ್ಲಾಸ್ಟಿಕ್ಕೋ ಅಲ್ಲವೋ, ಬದಿ ಗಟ್ಟಿಯೋ ತೂತಿನದ್ದೋ, ಮೇಲ್ಭಾಗ ತೆರೆದಿದೆಯೋ ಇಲ್ಲವೋ. ಯುರೋಪಿನ ಕೆಲವು ಗೋದಾಮುಗಳು ಇನ್ನೊಂದು ದಾರಿ ಹಿಡಿದಿವೆ. ಕಟ್ಟಡದ ಗಾಳಿಯಲ್ಲಿ ಸಾರಜನಕ ಹೆಚ್ಚಿಸಿ ಆಮ್ಲಜನಕವನ್ನು ಶೇ. 21ರಿಂದ ಶೇ. 15ರ ಆಸುಪಾಸಿಗೆ ಇಳಿಸುತ್ತಾರೆ. ಬೆಂಕಿ ಹತ್ತುವುದೇ ಕಷ್ಟವಾಗುತ್ತದೆ. ಆದರೆ ಖರ್ಚು ಜಾಸ್ತಿ, ಕಟ್ಟಡ ಗಾಳಿಯಾಡದಂತೆ ಬಿಗಿಯಾಗಿರಬೇಕು, ಒಳಗೆ ಜನ ಹೆಚ್ಚು ಹೊತ್ತು ಕೆಲಸ ಮಾಡುವ ಹಾಗಿಲ್ಲ. ದಿನವಿಡೀ ನೂರಾರು ಜನ ಪಿಕಿಂಗ್ ಮಾಡುವ ದಿನಸಿ ಗೋದಾಮಿಗೆ ಇದು ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಕಡೆ ಕೇಳಬೇಕಾದ್ದು

ಹೊಸಕೋಟೆ, ಮಾಲೂರು, ನೆಲಮಂಗಲ, ದಾಬಸ್‌ಪೇಟೆ ಸುತ್ತ ಗೋದಾಮುಗಳು ಸಾಲು ಸಾಲಾಗಿ ಎದ್ದಿವೆ. 2019ರಲ್ಲಿ, ಆಂಡೋವರ್ ಉರಿದ ಅದೇ ತಿಂಗಳು, ಫ್ಲಿಪ್‌ಕಾರ್ಟ್ ಬೆಂಗಳೂರಿನ ಸೌಖ್ಯ ರಸ್ತೆಯ ಕೇಂದ್ರದಲ್ಲಿ ಪಾರ್ಸೆಲ್ ವಿಂಗಡಿಸುವ ನೂರಕ್ಕೂ ಹೆಚ್ಚು ರೋಬೋಟುಗಳನ್ನು ತೋರಿಸಿತ್ತು. ಅವು ನೆಲದ ಮೇಲೆ ಓಡುವಂಥವು, ಗ್ರಿಡ್ ಅಲ್ಲ. ಭೂಮಿಯ ಬೆಲೆ ಹೀಗೇ ಏರಿದರೆ ಒತ್ತಾಗಿ ಪೇರಿಸುವ ವ್ಯವಸ್ಥೆಗಳ ಕಡೆ ಇಲ್ಲಿಯೂ ಕಣ್ಣು ಹೋಗುವುದು ಸಹಜ. ಹೋಗಲಿ. ನಡೆದು ನಡೆದು ಕಾಲು ಸೋಲುವ ಪಿಕರುಗಳ ಕಷ್ಟವನ್ನು ಬಲ್ಲ ಯಾರೂ ಇದನ್ನು ಬೇಡ ಅನ್ನುವುದಿಲ್ಲ.

ಆದರೆ ಮಾರಾಟಗಾರರು ಡೆಮೊ ತೋರಿಸುವಾಗಲೇ ಕೆಲವು ಪ್ರಶ್ನೆ ಹಾಕಬೇಕು. ಚಾರ್ಜಿಂಗ್ ಪಾಯಿಂಟುಗಳು ಬಿನ್ನುಗಳ ಮೇಲೆಯೇ ಇವೆಯೋ, ಹೊರಗೆ ಚಾಚಿದ ಬೇರೆ ಕಟ್ಟೆಯ ಮೇಲೆ ಇಡಬಹುದೋ? ಒಂದು ರೋಬೋಟ್ ಬಿಸಿಯಾದರೆ ಅದನ್ನು ಗ್ರಿಡ್ಡಿನಿಂದ ಆಚೆ ತರಲು ಏನು ದಾರಿ? ಇಡೀ ಗ್ರಿಡ್ ಒಂದೇ ಆಗಿರಬೇಕೋ, ನಡುವೆ ಬೆಂಕಿ ತಡೆಯುವ ಗೋಡೆ ಹಾಕಿ ಎರಡು ಮೂರು ಮಾಡಬಹುದೋ? ಗೋಡೆ ಹಾಕಿದರೆ ಒಂದಿಷ್ಟು ಬಿನ್ ಕಡಿಮೆಯಾಗುತ್ತವೆ, ರೋಬೋಟುಗಳ ದಾರಿಯೂ ತುಂಡಾಗುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳುವುದೇ ಲೇಸು ಅನ್ನುತ್ತೇನೆ. ಈ ಸ್ಪ್ರಿಂಕ್ಲರ್ ವಿನ್ಯಾಸವನ್ನು ಇದೇ ಬಿನ್, ಇದೇ ಎತ್ತರಕ್ಕೆ ನಿಜವಾದ ಬೆಂಕಿ ಹಚ್ಚಿ ಪರೀಕ್ಷೆ ಮಾಡಿದ್ದಾರೋ, ಕೇಳಿ. ಬೇರೆ ಥರದ ರ‍್ಯಾಕಿನ ಲೆಕ್ಕ ತಂದು ಇಲ್ಲಿ ಅಂಟಿಸಿದರೆ ಪ್ರಯೋಜನ ಇಲ್ಲ.

ಇನ್ನೊಂದು, ಕಟ್ಟಡ ತುಂಬುವ ಮೊದಲೇ ಸ್ಥಳೀಯ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಒಳಗೆ ಓಡಾಡಿಸಬೇಕು. ಕರ್ನಾಟಕದಲ್ಲಿ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇರುತ್ತದೆ, ಅಲ್ವಾ, ಅಷ್ಟು ಸಾಲದೇ ಅನ್ನಬಹುದು. ಸಾಲದು. ಬರುವ ಸಿಬ್ಬಂದಿ ಗ್ರಿಡ್ಡನ್ನು ಒಮ್ಮೆಯೂ ನೋಡಿರದಿದ್ದರೆ ಅವರು ಹುಡುಕುವುದು ಓಣಿಯನ್ನು. ರೋಬೋಟುಗಳನ್ನು ನಿಲ್ಲಿಸುವ ಬಟನ್ ಎಲ್ಲಿದೆ, ಗ್ರಿಡ್ಡಿನ ಕರೆಂಟ್ ಎಲ್ಲಿ ಕತ್ತರಿಸಬೇಕು, ಸ್ಪ್ರಿಂಕ್ಲರ್ ವಾಲ್ವಿನ ಬೀಗದ ಕೈ ಯಾರ ಹತ್ತಿರ, ಟ್ಯಾಂಕಿನಲ್ಲಿ ಎಷ್ಟು ಹೊತ್ತಿನ ನೀರಿದೆ, ಬ್ಯಾಟರಿ ಮತ್ತು ಅಮೋನಿಯಾ ಥರದ ಅಪಾಯದ ವಸ್ತು ಯಾವ ಮೂಲೆಯಲ್ಲಿದೆ, ಇಷ್ಟನ್ನು ತೋರಿಸುವ ಒಂದು ನಕ್ಷೆ ಗೇಟಿನ ಸೆಕ್ಯುರಿಟಿ ಕೋಣೆಯಲ್ಲಿ ಕನ್ನಡದಲ್ಲೇ ತೂಗುಹಾಕಿರಬೇಕು. ರಾತ್ರಿ ಪಾಳಿಯ ಅತಿ ಕಿರಿಯ ಕೆಲಸಗಾರರಿಗೂ, ಯಾರ ಅನುಮತಿಗೂ ಕಾಯದೆ 112ಕ್ಕೆ ಕರೆ ಮಾಡುವ ಅಧಿಕಾರ ಬರಹದಲ್ಲಿ ಇರಬೇಕು.